ಕಾರಣದ ಎರಡು ಸಾಲು

ಮನೆ ವ್ಯಾಪಾರ ಮುಗಿಯುವ ತನಕ ಹಣ ಹಿಡಿದಿಡುವ ಎಸ್ಕ್ರೋ ಕಚೇರಿ ಎಂದರೆ ಕೋರ್ಟಿನ ಹಾಗೆ ದೊಡ್ಡ ಕಟ್ಟಡವಿರಬೇಕು ಎಂದುಕೊಂಡು ಅತ್ತೆ ಆ ದಿನ ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದು ಹಾಕಿಕೊಂಡು ಬಂದಿದ್ದಳು. ನೋಡಿದರೆ ಅದು ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಒಂದರ ತುಂಬ ಕಬ್ಬಿಣದ ಬೀರುಗಳು. ಇನ್ನೊಂದರಲ್ಲಿ ಉದ್ದನೆಯ ಮೇಜು, ಮೇಜಿನಾಚೆ ನೆಗಡಿ ಹಿಡಿದ ನಡುವಯಸ್ಸಿನ ಗುಮಾಸ್ತೆ. ಈಚೆ ಬದಿಯಲ್ಲಿ ಮನೆ ಮಾರುವವರು, ಅಂದರೆ ಅತ್ತೆ, ಮಾವ, ಮಗ, ಸೊಸೆ ಕೂತರು. ಅವರ ಎದುರಿಗೆ ಕೊಳ್ಳುವವರು, ಅಂದರೆ ಸಣ್ಣ ಬೇಕರಿ ಇಟ್ಟುಕೊಂಡಿದ್ದ ಒಬ್ಬ ಯುವಕ ಮತ್ತು ಐದು ತಿಂಗಳ ಬಸುರಿಯಾದ ಅವನ ಹೆಂಡತಿ.

ಮನೆ ಮೂವರ ಹೆಸರಲ್ಲಿತ್ತು. ಜಾಗ ಮಾವನದು, ಊರಿಗೆಲ್ಲ ಅವನು ಮೇಸ್ತ್ರಿ, ನಲವತ್ತು ವರ್ಷ ಗಾರೆ ಕೆಲಸ ಮಾಡಿದವನು, ಈ ಮನೆಯನ್ನೂ ತನ್ನ ಕೈಯಾರೆ ಎಬ್ಬಿಸಿದವನು. ಆಮೇಲೆ ರಿಪೇರಿಗೆ ಸಾಲ ಎತ್ತುವಾಗ ಮಗನ ಹೆಸರು ಸೇರಿತು. ಸೊಸೆಯ ಸಂಬಳದ ಚೀಟಿ ಇಟ್ಟರೆ ಮಾತ್ರ ಸಾಲ ಎಂದು ಬ್ಯಾಂಕಿನವರು ಪಟ್ಟು ಹಿಡಿದದ್ದರಿಂದ ಅವಳ ಹೆಸರೂ ಸೇರಿತು. ಅವಳು ಬಟ್ಟೆ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದಳು. ಎಷ್ಟು ತಿಕ್ಕಿದರೂ ಅವಳ ಉಗುರಿನ ಅಂಚಿನಲ್ಲಿ ಯಾವುದಾದರೊಂದು ಬಣ್ಣ ಉಳಿದಿರುತ್ತಿತ್ತು.

ಬೇಕರಿಯವನು ಮುಂಗಡದ ಚೆಕ್ಕನ್ನು ಮೇಜಿನ ಮೇಲೆ ಇಟ್ಟ. ಅತ್ತೆಯ ಕೈ ತನಗೆ ತಾನೇ ಮುಂದೆ ಹೋಯಿತು. ಗುಮಾಸ್ತೆ ಅದಕ್ಕಿಂತ ಬೇಗ ಚೆಕ್ಕನ್ನು ಫೈಲಿಗೆ ಸೇರಿಸಿದಳು.

"ಈ ಹಣ ನನ್ನದಲ್ಲ, ನಿಮ್ಮದೂ ಅಲ್ಲ, ಈಗಿಂದ ಅವರದೂ ಅಲ್ಲ," ಎಂದಳು. "ಷರತ್ತು ಎಲ್ಲಾ ಮುಗಿದ ದಿನ ನಿಮ್ಮದಾಗುತ್ತೆ. ವ್ಯಾಪಾರ ಮುರಿದರೆ, ಎರಡೂ ಕಡೆಯವರು ಸಹಿ ಹಾಕಿದ ಮೇಲೆ ಅವರಿಗೆ ವಾಪಸ್ಸು. ಅಲ್ಲಿವರೆಗೂ ಯಾರು ಬಂದು ಅತ್ತರೂ ಕರೆದರೂ ನಾನು ಒಂದು ಕಾಸು ಅಲ್ಲಾಡಿಸೋಳಲ್ಲ."

"ಅಲ್ಲಿವರೆಗೂ ಮತ್ತೆ ಯಾರದಮ್ಮ ಅದು?" ಎಂದು ಅತ್ತೆ ಕೇಳಿದಳು.

"ಕಾಗದದ್ದು."

"ಸದ್ಯ, ಕಾಗದಕ್ಕೆ ಹೊಟ್ಟೆ ಇಲ್ಲ," ಎಂದ ಬೇಕರಿಯವನು. ಎಲ್ಲರೂ ನಕ್ಕರು. ಮೇಸ್ತ್ರಿ ಮಾತ್ರ ನಗದೆ, ಮಗ ಓದಿ ಹೇಳುತ್ತಿದ್ದ ಷರತ್ತುಗಳನ್ನು ಕೇಳುತ್ತ ಕೂತಿದ್ದ. ಪತ್ರಗಳು ಸ್ವಚ್ಛವಿರಬೇಕು. ಬ್ಯಾಂಕಿನ ಸಾಲ ತೀರಬೇಕು. ಗೋಡೆ, ಸೂರು, ಕಕ್ಕಸು ಗುಂಡಿ, ಬಾವಿಯ ನೀರು ಪರೀಕ್ಷೆಯಾಗಬೇಕು. ಮಾರುವವರಿಗೆ ಗೊತ್ತಿರುವ ದೋಷವನ್ನೆಲ್ಲ ಬರೆದುಕೊಡಬೇಕು. ಅರವತ್ತನೇ ದಿನ ಮನೆ ಖಾಲಿ ಮಾಡಿ ಬೀಗದ ಕೈ ಕೊಡಬೇಕು.

ಮನೆ ಕಟ್ಟಿದವನೇ ಕಣ್ಣೆದುರು ಕೂತಿರುವಾಗ ಅದನ್ನು ತಟ್ಟಿ ನೋಡಲು ಇನ್ನೊಬ್ಬನೇಕೆ ಎಂದು ಮೇಸ್ತ್ರಿ ಕೇಳಿದ. ಅದು ಕೊಳ್ಳುವವರ ಹಕ್ಕು ಎಂದಳು ಗುಮಾಸ್ತೆ. ದೋಷದ ಕಾಗದದಲ್ಲಿ ಮಗ 'ಯಾವುದೂ ಇಲ್ಲ' ಎಂದು ಬರೆದ. ಮೂವರೂ ಸಹಿ ಹಾಕಿದರು. ಮೇಸ್ತ್ರಿಗೆ ಓದು ಬರಹ ಇರಲಿಲ್ಲ, ಸಹಿಯೊಂದು ಬರುತ್ತಿತ್ತು. ಇಟ್ಟಿಗೆ ಜೋಡಿಸುವ ಹಾಗೆ ಒಂದೊಂದೇ ಅಕ್ಷರ ಇಟ್ಟು ಅದನ್ನು ಮುಗಿಸಿದ.

ಪಕ್ಕದ ಕೋಣೆಯ ಬೀರುವಿನಲ್ಲಿ ಇವರದೇ ಇನ್ನೊಂದು ಫೈಲು ಇತ್ತು. ಸೊಸೆಯ ಗಂಡ ಬಸ್ಸು ಡಿಪೋದಲ್ಲಿ ಮೆಕ್ಯಾನಿಕ್ಕು. ಡಿಪೋ ಪಟ್ಟಣದ ಆಚೆ ತುದಿಗೆ ಹೋದ ಮೇಲೆ ಅವನಿಗೆ ದಿನಕ್ಕೆ ನಾಲ್ಕು ಗಂಟೆ ಓಡಾಟವೇ ಆಗುತ್ತಿತ್ತು. ಡಿಪೋ ಹತ್ತಿರ ಮೂರು ಕೋಣೆಯ ಫ್ಲಾಟು ನೋಡಿ ಅದಕ್ಕೂ ಇದೇ ಕಚೇರಿಯಲ್ಲಿ ಮುಂಗಡ ಇಟ್ಟಿದ್ದರು. ಆ ಹಣ ಸೊಸೆಯ ಒಂಬತ್ತು ವರ್ಷದ ಉಳಿತಾಯ. ಈ ಮನೆಯ ಹಣ ಬಂದ ದಿನವೇ ಅದನ್ನು ಆ ಫ್ಲಾಟಿಗೆ ಕಟ್ಟಬೇಕು; ಅರವತ್ತನೆಯ ದಿನಕ್ಕೂ ಬಾರದಿದ್ದರೆ ಮುಂಗಡ ಫ್ಲಾಟಿನ ಒಡತಿಯ ಪಾಲು. ಇಷ್ಟು ಗೊತ್ತಿದ್ದೂ ಸೊಸೆ ಒಂದು ಕ್ಷಣ ಹಿಂದೆಮುಂದೆ ನೋಡಿರಲಿಲ್ಲ. ಗಂಡನಿಗೆ ಬೇಕಾದದ್ದು ಡಿಪೋ ಹತ್ತಿರದ ಮನೆ. ಅವಳಿಗೆ ಬೇಕಾದದ್ದು ಈ ಮನೆಯಿಂದ ಹೊರಗೆ ಹೋಗುವುದು.

ಎಂಟು ವರ್ಷದ ಕೆಳಗೆ, ಹಿಂದಿನ ಕೋಣೆಯಲ್ಲಿ, ಅವಳ ಎರಡನೆಯ ಮಗು ತೀರಿಕೊಂಡಿತ್ತು. ಹದಿನಾಲ್ಕು ತಿಂಗಳ ಗಂಡುಮಗು. ವಾಂತಿ, ಭೇದಿ, ಮೂರೇ ದಿನ. ಮೊದಲನೆಯ ಮಗಳಿಗೆ ಅವಳು ಎರಡು ವರ್ಷ ಎದೆಹಾಲು ಕೊಟ್ಟಿದ್ದಳು. ಇದರ ಕಾಲಕ್ಕೆ ಕಾರ್ಖಾನೆ ಸೇರಿದ್ದರಿಂದ ಬಾಟಲಿ ಹಿಡಿಸಿದ್ದಳು. ಬಾಟಲಿ ಸರಿಯಾಗಿ ತೊಳೆಯದೆ ಮಗುವನ್ನು ಕಳೆದಳು ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿದಳು. ಬರಬರುತ್ತಾ ಹೇಳುವುದು ನಿಂತಿತು. ಅದರ ಬದಲು ಸೊಸೆ ತೊಳೆದಿಟ್ಟ ಪಾತ್ರೆಯನ್ನು ಅತ್ತೆ ಮಾತಿಲ್ಲದೆ ಇನ್ನೊಂದು ಸಲ ತೊಳೆಯುತ್ತಿದ್ದಳು. ದಿನಾ ಎರಡು ಹೊತ್ತು, ಎಂಟು ವರ್ಷ.

ಮೊದಲ ಎರಡು ವಾರ ಗಂಟುಮೂಟೆಯಲ್ಲೇ ಕಳೆಯಿತು. ಹನ್ನೆರಡು ವರ್ಷದ ಮಗಳು ಹೊಸ ಮನೆಯ ಯಾವ ಕಿಟಕಿ ತನ್ನದು ಎಂದು ಕಾಗದದ ಮೇಲೆ ಚಿತ್ರ ಬರೆದು ಗೋಡೆಗೆ ಅಂಟಿಸಿದಳು. ಅತ್ತೆಗೆ ಒಂದು ಹಳೆಯ ಡಬ್ಬಿಯನ್ನೂ ಬಿಸಾಡಲು ಮನಸ್ಸಿರಲಿಲ್ಲ. ಮೇಸ್ತ್ರಿ ಊಟಕ್ಕೆ ಕೂತಾಗಲೆಲ್ಲ ಪರೀಕ್ಷೆಯ ಮಾತು ತೆಗೆಯುತ್ತಿದ್ದ. ತಾನು ಕಟ್ಟಿದ ಎಷ್ಟು ಮನೆಗಳು ನಿಂತಿವೆ, ಯಾವುದಕ್ಕೂ ಒಂದು ಬಿರುಕಿಲ್ಲ, ನಿನ್ನೆ ಮೊನ್ನೆ ಹುಟ್ಟಿದವರು ಮೀಟರು ಹಿಡಿದು ಬಂದು ಏನು ಹೇಳಬಲ್ಲರು ಎನ್ನುತ್ತಿದ್ದ.

"ಅಪ್ಪಂಗೆ ಮನೆ ಮಾರ್ತಿರೋದು ಬೇಜಾರಲ್ಲ," ಎಂದ ಮಗ ರೊಟ್ಟಿ ಮುರಿಯುತ್ತ. "ಮಾರ್ಕು ಹಾಕ್ತಾರಲ್ಲ, ಅದು ಬೇಜಾರು."

ಮಗಳು ಬೇಳೆ ನೆತ್ತಿಗೇರುವಷ್ಟು ನಕ್ಕಳು. ಮೇಸ್ತ್ರಿ ಅರ್ಧಕ್ಕೇ ಎದ್ದು ಕೈ ತೊಳೆದ.

ಮೂರನೆಯ ವಾರ ತಪಾಸಣೆಯವನು ಬಂದ. ಗೋಡೆ, ಸೂರು, ತೊಲೆ ನೋಡಿ ತಲೆದೂಗಿದ. ಬಾವಿಯಿಂದ ಎರಡು ಬಾಟಲಿ ನೀರು ತುಂಬಿಕೊಂಡು ಗುಂಡಿ ಎಲ್ಲಿ ಎಂದು ಕೇಳಿದ. ಮೇಸ್ತ್ರಿ ಅವನನ್ನು ಹಿತ್ತಿಲ ಕೊನೆಗೆ, ಸೌದೆ ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದ. ಇದೊಂದೇನಾ ಎಂದು ಅವನು ಕೇಳಿದ್ದು, ಇದೊಂದೇ ಎಂದು ಮೇಸ್ತ್ರಿ ಹೇಳಿದ್ದು, ಬಟ್ಟೆ ಹರವುತ್ತಿದ್ದ ಸೊಸೆಗೆ ಕೇಳಿಸಿತು.

ಆರು ದಿನಕ್ಕೆ ವರದಿ ಬಂತು. ಗೋಡೆಗೆ ಒಳ್ಳೆಯ ಮಾತು. ಬಾವಿಯ ನೀರು ಕುಡಿಯಲು ಯೋಗ್ಯವಲ್ಲ. ಅದರಲ್ಲಿ ಮಲದ ಕ್ರಿಮಿಗಳಿವೆ. ಹತ್ತು ದಿನ ಬಿಟ್ಟು ಎರಡನೆಯ ಪರೀಕ್ಷೆ, ಅದರಲ್ಲೂ ಹೀಗೇ ಬಂದರೆ ಕೊಳ್ಳುವವರು ಹಿಂದೆ ಸರಿಯಬಹುದು. ತಪಾಸಣೆಯವನು ಫೋನಿನಲ್ಲಿ ಸೊಸೆಗೆ ಇನ್ನೊಂದು ಮಾತು ಹೇಳಿದ. ಕೊಟ್ಟಿಗೆ ಹಿಂದಿನ ಗುಂಡಿ ದೂರವಿದೆ, ಇಳಿಜಾರಿನಲ್ಲಿದೆ. ಅದರಿಂದ ನೀರು ಇಷ್ಟು ಕೆಡಬಾರದು. ಹತ್ತಿರದಲ್ಲಿ ಬೇರೇನಾದರೂ ಇದೆಯೇ?

ಗೊತ್ತಿಲ್ಲ ಎಂದು ಅವಳು ಫೋನು ಇಟ್ಟಳು.

ಆ ಸಂಜೆ ಯಾರಿಗೂ ಗಾಬರಿಯಾದಂತೆ ಕಾಣಲಿಲ್ಲ. ಬಾವಿ ಎಂದರೆ ಎಲೆ ಬೀಳುತ್ತೆ, ಕಪ್ಪೆ ಬೀಳುತ್ತೆ. ಪರೀಕ್ಷೆಗೆ ಎರಡು ದಿನ ಮೊದಲು ಎರಡು ಡಬ್ಬಿ ಬ್ಲೀಚಿಂಗ್ ಪುಡಿ ಹಾಕಿದರೆ ತೊಟ್ಟಿಲ ಮಗುವೂ ಕುಡಿಯಬಹುದು ಎಂದ ಮೇಸ್ತ್ರಿ. ಹೇಗೂ ಎಂಟು ವರ್ಷದಿಂದ ಕುದಿಸಿಯೇ ಕುಡಿಯುತ್ತಿದ್ದೇವಲ್ಲ ಎಂದಳು ಅತ್ತೆ.

ಸೊಸೆ ಒಲೆಯ ಮೇಲಿನ ಹಂಡೆಯನ್ನು ನೋಡಿದಳು. ನೀರು ಕುದಿಸಿಯೇ ಕುಡಿಯಬೇಕೆಂದು ಕಟ್ಟು ಮಾಡಿದವನು ಮೇಸ್ತ್ರಿ. ಮಗುವನ್ನು ಮಣ್ಣು ಮಾಡಿ ಬಂದ ಮರುದಿನವೇ ಅವನು ಆ ಹಂಡೆ ತಂದಿದ್ದ. ಆಗ ಡಾಕ್ಟರು ಹಾಗೆ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಎಂಥ ದುಃಖದಲ್ಲೂ ಮನೆಯವರ ಮೇಲೆ ಎಷ್ಟು ಕಾಳಜಿ ಎಂದು ಅಕ್ಕಪಕ್ಕದವರು ಕೊಂಡಾಡಿದ್ದರು.

ಪಾತ್ರೆ ತೊಳೆಯುತ್ತಾ ಅವಳಿಗೆ ಇನ್ನೊಂದು ಹೊಳೆಯಿತು. ಹಿಂದಿನ ಕೋಣೆಗೆ ಸೇರಿದಂತೆ ಒಂದು ಸಣ್ಣ ಕಕ್ಕಸು ಇತ್ತು. ಮದುವೆಗೆ ಮೊದಲು ಮೇಸ್ತ್ರಿ ಅವಳಿಗೆಂದೇ ಕಟ್ಟಿಸಿದ್ದು. ಮನೆಗೆ ಬರುವ ಹೆಣ್ಣುಮಗಳು ಹೊತ್ತಲ್ಲದ ಹೊತ್ತಿನಲ್ಲಿ ಹಿತ್ತಿಲು ದಾಟುವುದು ಬೇಡ ಎಂದು. ಆ ಕೋಣೆಯ ನೆಲ ಬಾವಿಯ ಕಡೆಗೆ ಇಳಿಯುತ್ತದೆ. ಕೊಟ್ಟಿಗೆ ಅದರ ವಿರುದ್ಧ ದಿಕ್ಕಿಗೆ, ಮನೆಯ ಆಚೆ ಮಗ್ಗುಲಲ್ಲಿ. ಹದಿನಾಲ್ಕು ವರ್ಷದಿಂದ ಆ ಕಕ್ಕಸಿನ ನೀರು ಕೊಟ್ಟಿಗೆಯ ಗುಂಡಿಗೆ ಏರು ಹತ್ತಿ ಹೋಗುತ್ತಿತ್ತೇ?

ಕಾರ್ಖಾನೆಯಲ್ಲಿ ಚರಂಡಿ ಎಲ್ಲಿ ಒಡೆದಿದೆ ಎಂದು ಪತ್ತೆ ಮಾಡಲು ಒಂದು ಪುಡಿ ಇಡುತ್ತಿದ್ದರು. ಮಣ್ಣಿಗೆ ಅಂಟದ ಬಣ್ಣ, ಒಂದು ಚಮಚ ಹಾಕಿದರೆ ಕೊಳದಷ್ಟು ನೀರು ಹಸಿರಾಗುತ್ತದೆ. ಮೇಲ್ವಿಚಾರಕಿಯನ್ನು ಕೇಳಿ ಅವಳು ಒಂದು ಪೊಟ್ಟಣ ತಂದಳು. ಬೆಳಿಗ್ಗೆ ಎಲ್ಲರೂ ಅವರವರ ಕೆಲಸಕ್ಕೆ ಹೋದ ಮೇಲೆ ಅದನ್ನು ಹಿಂದಿನ ಕಕ್ಕಸಿಗೆ ಸುರಿದು ಆರು ಬಕೆಟ್ ನೀರು ಬಿಟ್ಟಳು.

ಎರಡು ದಿನ ಏನೂ ಆಗಲಿಲ್ಲ. ಅವಳಿಗೆ ಸಮಾಧಾನವೇ ಆಯಿತು. ಮಾವನ ಮೇಲೆ ಎಂಥ ಯೋಚನೆ ಮಾಡಿದೆ ಎಂದು ನಾಚಿಕೆಯೂ ಆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಬಾವಿಯಿಂದ ಎಳೆದ ಬಕೆಟ್ಟು ಕಟ್ಟೆಯ ಮೇಲೆ ಕೂತಾಗ ಬಿಸಿಲು ಅದರೊಳಗೆ ಬಿತ್ತು. ನೀರು ಎಳೆ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

ಬಣ್ಣದ ಪ್ರತಿ ತೊಟ್ಟಿಯಿಂದ ಒಂದು ಶೀಶೆ ತೆಗೆದಿಟ್ಟು ಮೇಲೆ ತಾರೀಖು ಬರೆಯುವುದು ಅವಳ ಕೆಲಸದ ಅಭ್ಯಾಸ. ಕೈ ಅದನ್ನೇ ಮಾಡಿತು. ಶೀಶೆಯನ್ನು ಬಟ್ಟೆಯ ಗಂಟಿನೊಳಗೆ ಇಟ್ಟ ಮೇಲೆ ಗಂಡನನ್ನು ಕರೆದು ಬಕೆಟ್ಟು ತೋರಿಸಿದಳು.

ಗಂಡ ನೋಡಿದ. ಆಮೇಲೆ ಬಕೆಟ್ಟನ್ನು ಗಿಡಗಳ ಬುಡಕ್ಕೆ ಚೆಲ್ಲಿ, ಅಪ್ಪನನ್ನು ಕೇಳಿ ಬರುತ್ತೇನೆಂದು ಒಳಗೆ ಹೋದ. ತಂದೆ ಮಗ ಬಾಗಿಲು ಹಾಕಿಕೊಂಡು ಏನು ಮಾತಾಡಿದರೋ, ಹೊರಗೆ ಬಂದ ಗಂಡನ ಮುಖದಲ್ಲಿ ರಕ್ತವಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಇನ್ನೊಂದು ಸಣ್ಣ ಗುಂಡಿ ಇರುವುದು ನಿಜ ಎಂದ. ಬಾವಿಗೆ ಹದಿನೈದು ಅಡಿ.

"ಈಗ ಅದನ್ನ ಕೆದಕಿ ಏನು ಮಾಡೋಣ ಹೇಳು," ಎಂದ. "ಪುಡಿ ಹಾಕ್ತೀವಿ. ಪರೀಕ್ಷೆ ಪಾಸಾಗ್ತದೆ. ನಾವು ಹೊರಟುಹೋಗ್ತೀವಿ. ನೀನೇ ಅಲ್ವಾ ಈ ಮನೆ ಬೇಡ ಬೇಡ ಅಂತ ಇದ್ದಿದ್ದು?"

"ಆಮೇಲೆ ಬರೋರು?"

"ಕುದಿಸ್ಕೊಂಡು ಕುಡೀತಾರೆ, ನಮ್ಮ ಹಾಗೆ."

"ನಮ್ಮ ಹಾಗೆ," ಎಂದಳು ಅವಳು. ಅವನು ತಲೆ ತಗ್ಗಿಸಿದ. ಆದರೂ ಡ್ಯೂಟಿ ಮುಗಿಸಿ ಬರುವಾಗ ಪುಡಿಯ ಡಬ್ಬಿಗಳನ್ನು ತಂದ. ತಂದೆ ಮಗ ಸೇರಿ ಅವನ್ನು ಬಾವಿಗೆ ಸುರಿದರು. ಬ್ಲೀಚು ಬಣ್ಣವನ್ನು ತಿನ್ನುತ್ತದೆ ಎಂಬುದು ಅವಳಿಗೆ ಗೊತ್ತಿದ್ದದ್ದೇ. ಮರುದಿನದ ಹೊತ್ತಿಗೆ ನೀರು ಗಾಜಿನಂತೆ ಇತ್ತು. ಎರಡನೆಯ ವರದಿಯಲ್ಲಿ 'ಯೋಗ್ಯ' ಎಂದು ಬಂತು.

ಅವತ್ತು ಅತ್ತೆ ಒಂದು ಮೊಟ್ಟೆ ಹೆಚ್ಚಿಗೆ ಒಡೆದಳು. ಇನ್ನು ಉಳಿದದ್ದು ಹದಿನೆಂಟು ದಿನ. ಸೊಸೆ ಬಾಯಿ ಬಿಡಲಿಲ್ಲ. ಒಂದು ದಿನ ಹೇಳಬೇಕೆನ್ನಿಸುತ್ತಿತ್ತು, ಮರುದಿನ ಫ್ಲಾಟಿನ ನಲ್ಲಿಯ ನೀರು ನೆನಪಾಗುತ್ತಿತ್ತು. ಒಂಬತ್ತು ವರ್ಷದ ಹಣ, ಮಗಳು ಗೋಡೆಗೆ ಅಂಟಿಸಿದ ಕಿಟಕಿ. ಹೀಗೆ ಒಂದು ವಾರ ಪಾತ್ರೆ ಕಟ್ಟಿದಳು, ಹಾಸಿಗೆ ಸುತ್ತಿದಳು.

ರಜೆಯ ದಿನ ಬೇಕರಿಯವನ ಹೆಂಡತಿ ಒಬ್ಬಳೇ ಬಂದಳು. ಪರದೆ ಹೊಲಿಸಲು ಕಿಟಕಿಗಳ ಅಳತೆ ಬೇಕಾಗಿತ್ತು. ಜೊತೆಗೆ ಒಂದು ಡಬ್ಬಿ ಬಿಸ್ಕತ್ತು ತಂದಿದ್ದಳು. ಅತ್ತೆ ಅವಳನ್ನು ಬಾಯಿ ತುಂಬ ಮಾತಾಡಿಸಿ, ಹೊಟ್ಟೆ ನೋಡಿ ಗಂಡೋ ಹೆಣ್ಣೋ ಹೇಳಿ, ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಇದು ತಂಪಾದ ಕೋಣೆ, ಮಗುವಿಗೆ ಇದೇ ಸರಿ ಎಂದಳು ಬೇಕರಿಯವನ ಹೆಂಡತಿ. ತೊಟ್ಟಿಲು ಎಲ್ಲಿಡಬೇಕೆಂದು ಟೇಪು ಹಿಡಿದು ನೋಡಿದಳು. ಎಂಟು ವರ್ಷದ ಕೆಳಗೆ ತೊಟ್ಟಿಲು ಇದ್ದದ್ದು ಅದೇ ಮೂಲೆಯಲ್ಲಿ. ಬೇರೆಲ್ಲೂ ಹಿಡಿಸುವಂತಿರಲಿಲ್ಲ.

ಸೊಸೆ ಗಂಟು ಬಿಚ್ಚಿ ಶೀಶೆ ತಂದಳು.

"ಇದು ನಮ್ಮ ಬಾವಿ ನೀರು," ಎಂದಳು. "ಈ ಕೋಣೆ ಕಕ್ಕಸಿಗೆ ಹಾಕಿದ ಬಣ್ಣ ಇದು. ನಾಲ್ಕು ದಿನದಲ್ಲಿ ಬಾವಿಗೆ ಬಂತು. ಎರಡನೇ ಪರೀಕ್ಷೆಗೆ ಮೊದಲು ನಾವು ಪುಡಿ ಹಾಕಿದ್ವಿ."

ಬೇಕರಿಯವನ ಹೆಂಡತಿ ಟೇಪು ಸುತ್ತುವುದನ್ನು ಮರೆತು ಹೊಸ್ತಿಲ ಮೇಲೆ ಕೂತುಬಿಟ್ಟಳು. ಅತ್ತೆ ಸೊಸೆಯ ಬಾಯಿ ಮುಚ್ಚಿಸಲು ನೋಡಿದಳು, ಇವಳಿಗೆ ಆಗಾಗ ತಲೆ ಸರಿಯಿರುವುದಿಲ್ಲ ಎಂದಳು. ಅಷ್ಟರಲ್ಲಿ ಸೊಸೆ ಒಗೆಯುವ ಕಲ್ಲಿನ ಬಳಿ ಹೋಗಿ ನಿಂತಿದ್ದಳು.

ಮರುದಿನ ತಪಾಸಣೆಯವನು ಇಬ್ಬರು ಆಳುಗಳೊಂದಿಗೆ ಬಂದು ಕಲ್ಲು ಎತ್ತಿಸಿದ. ಮೂರನೆಯ ದಿನ ಬೇಕರಿಯವನು ವ್ಯಾಪಾರ ಬೇಡವೆಂದು ಬರೆದುಕೊಟ್ಟ. ಅರವತ್ತನೆಯ ದಿನ ಫ್ಲಾಟಿನ ಫೈಲು ಮುಚ್ಚಿತು. ಸೊಸೆಯ ಹಣ ಕಾಗದದಿಂದ ಫ್ಲಾಟಿನ ಒಡತಿಗೆ ಹೋಯಿತು. ಮಗಳು ಚಿತ್ರವನ್ನು ತಾನೇ ಕಿತ್ತು ಹಾಕಿ ಶಾಲೆಗೆ ಹೋದಳು. ಗಂಡ ಎರಡು ದಿನ ಡಿಪೋದಲ್ಲೇ ಉಳಿದ. ಅತ್ತೆಯ ಬಾಯಿಗೆ ಮಾತ್ರ ಬಿಡುವಿರಲಿಲ್ಲ. ತನ್ನ ಮನೆಯನ್ನು ತಾನೇ ಹರಾಜು ಹಾಕಿದ ಹೆಂಗಸನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಬೇಲಿಯಾಚೆಯವರನ್ನು ಕೇಳುತ್ತಿದ್ದಳು.

ಬೇಕರಿಯವನ ಮುಂಗಡ ಮಾತ್ರ ಅಲ್ಲೇ ಇತ್ತು. ಅದು ಹಿಂದಕ್ಕೆ ಹೋಗಬೇಕಾದರೆ ರದ್ದತಿ ಕಾಗದಕ್ಕೆ ಇವರ ಮೂರೂ ಸಹಿ ಬೀಳಬೇಕು. ಕಾಗದದ ನಡುವೆ 'ಕಾರಣ' ಎಂದು ಬರೆದು ಎರಡು ಸಾಲು ಖಾಲಿ ಬಿಟ್ಟಿದ್ದರು. ಮಗ ಓದಿ ಹೇಳಿದ ಮೇಲೆ ಮೇಸ್ತ್ರಿ ಪೆನ್ನು ಮುಟ್ಟಲಿಲ್ಲ. ತನ್ನ ಕೆಲಸದ ಮೇಲೆ ಕಪ್ಪು ಮಸಿ ಬಳಿಯುವ ಕಾಗದಕ್ಕೆ ಸತ್ತರೂ ಸಹಿ ಇಲ್ಲ ಎಂದ. ಬೇಕರಿಯವನು ಎರಡು ಸಲ ಬಂದ. ಮೊದಲ ಸಲ ಕೈ ಮುಗಿದ, ಎರಡನೆಯ ಸಲ ಬೈದ. ಬಾಡಿಗೆ ಮನೆ ಬಿಡುವ ದಿನ ಹತ್ತಿರವಾಗಿತ್ತು. ಬೇರೆ ಮನೆ ಹಿಡಿಯಲು ಅವನ ಹತ್ತಿರ ಆ ಹಣ ಬಿಟ್ಟು ಇನ್ನೊಂದಿರಲಿಲ್ಲ.

ಕೊನೆಗೆ ಗುಮಾಸ್ತೆಯೇ ದಾರಿ ಹೇಳಿದಳು. ಕಾರಣದಲ್ಲಿ 'ಪರಸ್ಪರ ಒಪ್ಪಿಗೆ' ಎಂದು ಬರೆದರೆ ಸಾಕು, ಎಷ್ಟೋ ಜನ ಹಾಗೇ ಬರೆಯುತ್ತಾರೆ. ಗಂಡ ಹೊಸ ಕಾಗದ ತಂದ. ಮೇಸ್ತ್ರಿ ಒಂದೊಂದೇ ಅಕ್ಷರ ಇಟ್ಟು ಸಹಿ ಮಾಡಿದ. ಗಂಡ ಮಾಡಿದ. ಸೊಸೆ ಕಾಗದವನ್ನು ಹಿಂದಕ್ಕೆ ತಳ್ಳಿದಳು.

"ಯಾರ ಒಪ್ಪಿಗೆ?" ಎಂದಳು. "ನನ್ನನ್ನ ಯಾರೂ ಕೇಳಲಿಲ್ಲ."

ಗಂಡ ಬೇಡಿಕೊಂಡ. ಆ ಬಸುರಿ ಹೆಂಗಸಿಗೆ ಒಳ್ಳೆಯದಾಗಲಿ ಎಂದಲ್ಲವೇ ನೀನು ಬಾಯಿ ಬಿಟ್ಟದ್ದು, ಈಗ ಅವಳ ಹಣವನ್ನೇ ಹಿಡಿದು ಕೂತಿದ್ದೀಯಲ್ಲ ಎಂದ. ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಲಿಲ್ಲ. ಅವಳಿಗೆ ಈಗ ಮನೆ ಬೇಡ, ಹಣ ಬೇಡ. ಆ ಎರಡು ಸಾಲಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕಾಗಿತ್ತು. ಹಾಗೆ ಎರಡು ವಾರ ಕಳೆಯಿತು. ಬೇಕರಿಯವನ ಹೆಂಡತಿ ತವರಿಗೆ ಹೋದಳೆಂದು, ಅವನು ಹಿಟ್ಟಿನ ಮೂಟೆಗಳ ನಡುವೆ ಮಲಗುತ್ತಾನೆಂದು ಸುದ್ದಿ ಬಂತು. ಆದರೂ ಕಾಗದ ಗೋಡೆಯ ಗೂಡಿನಲ್ಲೇ ಇತ್ತು.

ಒಂದು ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದರು, ಮಗಳು ಶಾಲೆಯಲ್ಲಿದ್ದಳು. ಗಂಜಿ, ಸುಟ್ಟ ಈರುಳ್ಳಿ, ಉಪ್ಪು. ಅತ್ತೆ ತನ್ನ ತಟ್ಟೆಯನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿಕೊಂಡು, ಒಂದು ಬಾಟಲಿ ತೊಳೆಯಲು ಬಾರದವಳು ಊರಿನ ಬಾವಿ ತೊಳೆಯಲು ಹೊರಟಿದ್ದಾಳೆ ಎಂದು ಗೋಡೆಗೆ ಹೇಳಿದಳು.

ಸೊಸೆ ತುತ್ತನ್ನು ತಟ್ಟೆಗೆ ಹಾಕಿ, ಮಾವನ ಮುಖವನ್ನು ನೋಡುತ್ತ ಕೂತಳು. ಹೀಗೆ ನೇರವಾಗಿ ಅವನನ್ನು ಹದಿನಾಲ್ಕು ವರ್ಷದಲ್ಲಿ ಅವಳು ನೋಡಿರಲಿಲ್ಲ.

"ಬಾಟಲಿ ಮಾತು ಬಿಡು," ಎಂದ ಮೇಸ್ತ್ರಿ ಹೆಂಡತಿಗೆ.

"ಯಾಕೆ ಬಿಡಲಿ? ನನ್ನ ಮೊಮ್ಮಗ—"

"ಬಿಡು ಅಂದೆ."

ಅವನು ಗಂಜಿಯ ಬಟ್ಟಲನ್ನು ಕೆಳಗಿಟ್ಟ. ಮಾತು ಶುರುವಾಗುವುದಕ್ಕೆ ಮೊದಲು ಅವನ ಕೈ ನೆಲದ ಮೇಲೆ ಗುಂಡಿಯ ಸುತ್ತಳತೆ ತೋರಿಸಿತು.

"ಜೇಡಿ ಮಣ್ಣು ಅಂತ ತೋಡೋಕೆ ಹಿಡಿದೆ. ಜೇಡಿ ಆದ್ರೆ ನೀರು ಬಿಡಲ್ಲ. ಒಂದಾಳು ಆಳಕ್ಕೆ ಮರಳು ಸಿಕ್ತು. ಮರಳಿನಲ್ಲಿ ನೀರು ಓಡ್ತದೆ, ಅದು ಕೂಲಿ ಆಳಿಗೂ ಗೊತ್ತು. ಅವತ್ತೇ ಮುಚ್ಚಬೇಕಾಗಿತ್ತು. ಮದುವೆಗೆ ನಾಲ್ಕು ದಿನ ಇತ್ತು. ಆಮೇಲೆ ತಳಕ್ಕೆ ಗಾರೆ ಹಾಕ್ತೀನಿ ಅಂದ್ಕೊಂಡೆ."

"ಹಾಕಲಿಲ್ಲ," ಎಂದಳು ಸೊಸೆ.

"ಹಾಕಲಿಲ್ಲ. ಊರವರ ಮನೆ ಕೆಲಸ ಇತ್ತು. ಮಗು ಹೋದಾಗ ಗೊತ್ತಾಯ್ತು. ಖಂಡಿತ ಅಂತ ಅಲ್ಲ. ಆದ್ರೂ ಗೊತ್ತಾಯ್ತು."

ಅತ್ತೆ ಗಂಡನ ಕಡೆ ತಿರುಗಿದಳು. ಇಷ್ಟು ವರ್ಷ ತನ್ನ ಬಾಯಿಂದ ಅವಳಿಗೆ ಆ ಮಾತು ಯಾಕೆ ಆಡಿಸಿದೆ ಎಂದು ಕೇಳಿದಳು. ಗಂಡ ಎದ್ದು ಹಿತ್ತಿಲಿಗೆ ಹೋದ. ಅಲ್ಲಿ ಅವನು ಮುಖ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಸೊಸೆ ಗೂಡಿನಿಂದ ಹಳೆಯ ಕಾಗದವನ್ನು ತೆಗೆದಳು, ಸಾಲು ಖಾಲಿ ಇದ್ದದ್ದನ್ನು. ಮೇಸ್ತ್ರಿಯ ಮುಂದೆ ಇಟ್ಟಳು.

"ನಂಗೆ ಬರೆಯೋಕೆ ಬರಲ್ಲ," ಎಂದ ಅವನು.

"ನೀವು ಹೇಳಿ ಮಾವ, ನಾನು ಬರೀತೀನಿ."

ಅವನು ಹೇಳಿದ. ಒಗೆಯುವ ಕಲ್ಲಿನ ಕೆಳಗೆ ಕಕ್ಕಸು ಗುಂಡಿ ಇದೆ. ಬಾವಿಗೆ ಹದಿನೈದು ಅಡಿ. ತಳಕ್ಕೆ ಗಾರೆ ಇಲ್ಲ, ಕೆಳಗೆ ಮರಳು. ಕಟ್ಟಿದವನಿಗೆ ಗೊತ್ತಿತ್ತು. ಅವಳು ಅಕ್ಷರ ಸಣ್ಣದು ಮಾಡಿ ಬರೆದಳು. 'ಗೊತ್ತಿತ್ತು' ಎನ್ನುವಷ್ಟರಲ್ಲಿ ಎರಡನೆಯ ಸಾಲು ತುಂಬಿತು.

"ಮಗೂದೂ ಬರಿ," ಎಂದ ಅವನು.

ಅವಳು ಪೆನ್ನನ್ನು ಕಾಗದದ ಮೇಲೆ ಹಿಡಿದು ನಿಂತಳು. ಅಂಚಿನಲ್ಲಿ ಬೇಕಾದರೆ ಒಂದು ಮಾತು ಹಿಡಿಯುತ್ತಿತ್ತು.

"ಅದು ಈ ಕಾಗದದಲ್ಲಿ ಬೇಡ," ಎಂದಳು. "ಇದು ಮನೆ ವ್ಯಾಪಾರದ್ದು."

ಮೇಸ್ತ್ರಿ ಸಹಿ ಹಾಕಿದ. ಈ ಸಲ ಅಕ್ಷರಗಳು ಸಾಲು ತಪ್ಪಿ ಕೆಳಗೆ ಜಾರಿದವು. ಗಂಡನನ್ನು ಕರೆದು ಹಾಕಿಸಿದರು. ಕೊನೆಗೆ ಅವಳು ತನ್ನದನ್ನು ಹಾಕಿದಳು.

ಕಾಗದವನ್ನು ಅವಳೇ ಒಯ್ದಳು. ಕಚೇರಿಯಲ್ಲಿ ಬೇಕರಿಯವನು ಆಗಲೇ ಬಂದು ಕೂತಿದ್ದ. ಮೊಣಕೈಗೆ ಹಿಟ್ಟು ಮೆತ್ತಿತ್ತು. ಅವಳನ್ನು ನೋಡಿ ಮುಖ ತಿರುಗಿಸಿದ. ಗುಮಾಸ್ತೆ ಕಾರಣವನ್ನು ಓದಿದಳು, ಇನ್ನೊಮ್ಮೆ ಓದಿದಳು, ಮೊಹರು ಹಾಕಿದಳು. ಹಣ ನಾಳೆ ನಿಮ್ಮ ಖಾತೆಗೆ ಬರುತ್ತದೆ ಎಂದು ಬೇಕರಿಯವನಿಗೆ ಹೇಳಿದಳು. ಅವನು ಸಹಿ ಹಾಕಿ ಮೆಟ್ಟಿಲಿಳಿದ.

ಗುಮಾಸ್ತೆ ಎರಡೂ ಫೈಲುಗಳಿಗೆ ದಾರ ಸುತ್ತಿದಳು. ಮುಚ್ಚುವ ಪತ್ರಗಳು ಅಂಚೆಯಲ್ಲಿ ಬರುತ್ತವೆ ಎಂದು ಒಂದು ಚೀಟಿ ಮುಂದೆ ತಳ್ಳಿದಳು.

"ಮೊದಲ ಅರ್ಜಿಯಲ್ಲಿ ಹೊಸ ಫ್ಲಾಟಿನ ವಿಳಾಸ ಕೊಟ್ಟಿದೀರಿ. ಈಗ ಎಲ್ಲಿಗೆ ಕಳಿಸಲಿ?"

ಸೊಸೆ ಚೀಟಿ ತೆಗೆದುಕೊಂಡು, ಫ್ಲಾಟಿನ ವಿಳಾಸದ ಮೇಲೆ ಒಂದು ಗೆರೆ ಎಳೆದಳು.

"ನಮ್ಮ ಹಳೇ ಮನೆಗೇ," ಎಂದಳು.